ಕಾಲಿನ ಖೋಲಿಯ ನೀಲವ್ವ

ನನ್ನ ಎಡಗಾಲಿನ ಚಪ್ಪಲಿಗೆ ಒಂದು ಮೊಳೆ ಹೊಕ್ಕು, ಅದು ಅಟ್ಟೆ ದಾಟಿ ಅಂಗಾಲನ್ನೂ ಚುಚ್ಚಿತ್ತು. ಅದೇ ಚಪ್ಪಲಿ ಮೆಟ್ಟಿಕೊಂಡು ನಾನು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಇಡೀ ದಿನ ಕಡಲೆಯ ಲಿಲಾವು ಕೂಗಿ ಮುಗಿಸಿ, ಮೇಲೆ ಮೇಲೆ ಚಹಾ ಕುಡಿದು, ಹಮಾಲರ ಮೇಲೆ ಹರಿಹಾಯ್ದು ಮನೆಗೆ ಬಂದೆ. ಪಡಸಾಲೆಯಲ್ಲಿ ಕೆಂಪು ಹೆಜ್ಜೆಗಳು ಮೂಡಿದ್ದನ್ನು ಕಂಡು ಹೆಂಡತಿ ಹೌಹಾರಿದಳು. ನಾನು ಲಕ್ಷ್ಮಿಯೇ ಮನೆಗೆ ಬಂದಳೇನೋ ಅಂದುಕೊಂಡೆ. ರೈತರ ಮಾಲು ಮಾರಿಸಿ ದಲಾಲಿ ತಿನ್ನುವ ನಮ್ಮಂಥ ಅಡತಿ ಅಂಗಡಿಯವರ ಬುದ್ಧಿ ಮೊದಲು ಓಡುವುದೇ ಅತ್ತ ಕಡೆಗೆ.

ಸಕ್ಕರೆ ಕಾಯಿಲೆ ಹಳತಾದವರ ಕಾಲು ಹಾಗೆಯೇ. ಮುಳ್ಳು ಚುಚ್ಚಲಿ, ಬೆಂಕಿ ತಾಕಲಿ, ಮೇಲಿನವನಿಗೆ ಸುದ್ದಿಯನ್ನೇ ಕಳಿಸುವುದಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಟ್ರಸ್ಟ್ ಆಸ್ಪತ್ರೆಗೆ ಹೋದೆ. ನಮ್ಮ ಅಂತ ಯಾಕೆ ಅನ್ನುತ್ತೇನೆಂದರೆ, ಅದನ್ನು ನಡೆಸುವ ಕಮಿಟಿಯಲ್ಲಿ ನಾನೂ ಒಬ್ಬ. ಅಲ್ಲಿ ತಿರುಗುವ ಫ್ಯಾನುಗಳ ಮೇಲೆ ಶ್ರೀಶೈಲ ಎಂದು ನನ್ನ ಹೆಸರೇ ಇದೆ. ಸರ್ಜನ್ ಡಾಕ್ಟರ್ ರಾಜೇಶ್ವರಿಯವರು ಗಾಯ ನೋಡಿ, ಔಷಧ ಬರೆದು, ವರಾಂಡದ ಕೊನೆಯ ಖೋಲಿಗೆ ಹೋಗಿ, ನಿಲೋಫರ್ ಸಿಸ್ಟರ್ ಮುಂದಿನದ್ದೆಲ್ಲ ನೋಡಿಕೊಳ್ಳುತ್ತಾರೆ ಅಂದರು. ನನಗೆ ಸಿಟ್ಟು ಬಂತು. ಕಮಿಟಿ ಮೆಂಬರನನ್ನು ನರ್ಸ್ ಹತ್ತಿರ ಅಟ್ಟುವುದೆಂದರೇನು ಅಂತ ಗೊಣಗುತ್ತಲೇ ಕುಂಟಿಕೊಂಡು ಹೋದೆ.

ಅದು ಮೊದಲು ಮುರಿದ ಸ್ಟ್ರೆಚರ್‌ಗಳನ್ನು ತಂದು ಬಿಸಾಡುತ್ತಿದ್ದ ಖೋಲಿ. ಈಗ ಒಂದು ಎತ್ತರದ ಕುರ್ಚಿ, ಅದರ ಮುಂದೆ ಒಂದು ಮಣೆ, ಬಗಲಿಗೆ ನೀರಿನ ಬೋಗುಣಿ, ಕುತ್ತಿಗೆ ಬಗ್ಗಿಸುವ ದೀಪ. ಮಣೆಯ ಮೇಲೆ ಕೂತವಳು ನಲವತ್ತರ ಆಸುಪಾಸಿನ, ದುಂಡು ಮುಖದ ಹೆಂಗಸು. ನಮಸ್ಕಾರ ಮುಗಿಯುವುದರೊಳಗೆ ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟಳು. ಹೆಣ್ಣುಮಗಳ ಮಡಿಲಲ್ಲಿ ಕಾಲು! ಜೀವ ಹಿಡಿಯಷ್ಟಾಯಿತು. ನನಗಾದರೂ ಪರವಾಗಿಲ್ಲ, ಹಣ್ಣು ಮುದುಕರ ಪಾಡು ಇನ್ನೂ ಚೆಂದ. ಅವಳು ಕಾಲಿಗೆ ಬಾಗಿದ ಕೂಡಲೇ ಅವರ ಕೈ ತಾನಾಗಿಯೇ ಮೇಲೇಳುತ್ತದೆ. ಉಗರಗೋಳದಿಂದ ಬಂದಿದ್ದ ಗುರುಬಸವ್ವಜ್ಜಿ ಒಮ್ಮೆ ಕಾಲು ಹಿಂದಕ್ಕೆ ಎಳೆದುಕೊಂಡು, ತುಂಬಿದ ಮನೆಯಲ್ಲಿ ಬಾಳು ಎಂದು ಹರಸಿ, ಆಯಿತಲ್ಲ ಎಂದು ಎದ್ದೇ ಬಿಟ್ಟಳಂತೆ. ಪಟ್ಟಿ ಕಟ್ಟಿಸಿಕೊಳ್ಳಲು ಅವಳನ್ನು ಮತ್ತೆ ಕೂರಿಸುವಷ್ಟರಲ್ಲಿ ಸಿಸ್ಟರ್‌ಗೆ ಬೆವರು ಬಂದಿತ್ತು.

ನನ್ನ ಗಾಯ ತೊಳೆದ ಮೇಲೆ ಕಣ್ಣು ಮುಚ್ಚಲು ಹೇಳಿದಳು. ಅವಳ ಹತ್ತಿರ ಒಂದು ಸಣ್ಣ ಕಡ್ಡಿ ಇದೆ, ಅದರ ತುದಿಗೆ ಮೀನಿನ ಗಾಳದ ದಾರದಂಥ ಬಿರುಸಾದ ನೈಲಾನ್ ಎಳೆ. ಅದನ್ನು ಅಂಗಾಲಿಗೆ, ಬೆರಳಿಗೆ ಒತ್ತುತ್ತ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳುವುದು ಪರೀಕ್ಷೆ. ಅವಳು ಕೇಳಿದಳು, ನಾನು ಹೂಂ ಅಂದೆ. ಮತ್ತೆ ಕೇಳಿದಳು, ಮತ್ತೆ ಹೂಂ. ಇನ್ನೊಂದು ಸಲ ಕೇಳಿದಾಗ ಸ್ವಲ್ಪ ಜಬರದಸ್ತಾಗಿಯೇ ಹೂಂ ಅಂದೆ.

"ಸಾವ್ಕಾರ್ರ, ಕಣ್ಣ ತೆಗೀರಿ. ನಾ ಇನ್ನೂ ದಾರ ಪೆಟಿಗಿಯಿಂದ ಹೊರಗ ತಗದ ಇಲ್ಲ," ಅಂದಳು.

ಮಾರುಕಟ್ಟೆಯಲ್ಲಿ ನನ್ನನ್ನು ಯಾರೂ ಇಷ್ಟು ಸಲೀಸಾಗಿ ಬೋಳಿಸಿರಲಿಲ್ಲ. ಅವಳು ನಗಲಿಲ್ಲ. ನಮ್ಮ ಕಡೆಯ ಮಂದಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಎಂದು ತಾನೇ ನನಗೆ ಬಿಡಿಸಿ ಹೇಳಿದಳು. ಹಸಿದಿದ್ದರೂ ಊಟ ಆಯಿತು ಅನ್ನುತ್ತೇವೆ, ಜ್ವರ ಬಂದಿದ್ದರೂ ಆರಾಮ ಅನ್ನುತ್ತೇವೆ. ಎದುರಿಗೆ ಕೂತ ಸಿಸ್ಟರ್ ಇಷ್ಟು ಕಾಳಜಿಯಿಂದ ಕೇಳುವಾಗ ಇಲ್ಲ ಎಂದು ಅವಳ ಮನಸ್ಸು ನೋಯಿಸುವುದು ಯಾಕೆಂದು ಮರ್ಯಾದೆಗೆ ಹೂಂ ಅಂದುಬಿಡುತ್ತೇವೆ. ಅದಕ್ಕೇ ಅವಳು ಎಲ್ಲರಿಗೂ ಮೊದಲು ಮುಟ್ಟದೆಯೇ ಕೇಳುತ್ತಾಳೆ. ಇದನ್ನು ಯಾವ ಶಹರದ ಆಸ್ಪತ್ರೆಯೂ ಅವಳಿಗೆ ಕಲಿಸಿರಲಿಲ್ಲ. ಇಲ್ಲಿ, ಆ ಮಣೆಯ ಮೇಲೆ ಕೂತು ಕಲಿತದ್ದು.

ಉಳಿದದ್ದನ್ನು ಮಾತ್ರ ಅವಳು ಓದಿಯೇ ಕಲಿತಿದ್ದಳು. ಅವಳ ತಂದೆ ಬಡೇಸಾಬ ಊರಿಗೆಲ್ಲ ಗೊತ್ತಿದ್ದ ಟೆಂಪೊ ಡ್ರೈವರ್. ಸವದತ್ತಿ, ರಾಮದುರ್ಗ, ಕಿತ್ತೂರು ಅಂತ ನಮ್ಮ ಅಂಗಡಿಯ ಮಾಲನ್ನೂ ಒಯ್ಯುತ್ತಿದ್ದ. ಅವನಿಗೂ ಸಕ್ಕರೆ ಕಾಯಿಲೆ. ಒಂದು ದಿನ ಬ್ರೇಕ್ ತುಳಿದೆನೋ ಇಲ್ಲವೋ ಎಂಬುದು ತನಗೇ ತಿಳಿಯದೆ ಗಾಡಿಯನ್ನು ಸಂತೆಯ ಬಟಾಟೆ ರಾಶಿಗೆ ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಬಡೇಸಾಬ ಅವತ್ತೇ ಚಾವಿಯನ್ನು ಮಾಲೀಕನ ಕೈಗೆ ಕೊಟ್ಟು ಮನೆ ಸೇರಿದ. ಆಗ ನಮ್ಮಲ್ಲೇ ನರ್ಸ್ ಆಗಿದ್ದ ಮಗಳು, ಅಪ್ಪನ ಕಾಲಿಗೆ ಆಗಿದ್ದೇನು ಎಂದು ಕೇಳುತ್ತ ಕೇಳುತ್ತ, ಕೊನೆಗೆ ರಜೆ ಹಾಕಿ, ತನ್ನ ಪುಟ್ಟ ಮಗಳು ಫರೀನ್‌ಳನ್ನು ತಾಯಿಯ ಬಳಿ ಬಿಟ್ಟು, ಮಹಾನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಗಾಯದ ಆರೈಕೆ, ಸಕ್ಕರೆ ಕಾಯಿಲೆಯ ಕಾಲಿನ ಆರೈಕೆ ಎಂಬ ವಿಶೇಷ ತರಬೇತಿಯನ್ನು ಮುಗಿಸಿ ಬಂದಳು. ಅಪ್ಪನ ಕಾಲು ಇವತ್ತಿಗೂ ಗಟ್ಟಿಯಾಗಿದೆ. ಸಂಜೆ ಮಸೀದಿಗೆ ಹೋಗಿ ಬರುವಾಗ ಅವನು ನಮ್ಮ ಅಂಗಡಿಯ ಮುಂದೆ ನಿಂತು ಹರಟೆ ಹೊಡೆಯುತ್ತಾನೆ.

ಹಳ್ಳಿಯವರ ಬಾಯಲ್ಲಿ ನಿಲೋಫರ್ ಹೊರಳಲಿಲ್ಲ, ನೀಲವ್ವ ಆಯಿತು. ಈ ಹೆಸರು ಹಚ್ಚಿದವನು ಸಂಗೊಳ್ಳಿಯ ನೀಲಪ್ಪ. ಹೊಳೆದಂಡೆಯ ಕಪ್ಪು ಹೊಲ, ಜೊತೆಗೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದ ಬೇರೆಯವರ ಹೊಲ, ಒಳ್ಳೆಯ ಬೆಳೆ, ನಮ್ಮ ಅಂಗಡಿಗೇ ಕಡಲೆ, ಜೋಳ ತರುವ ಗಿರಾಕಿ. ನಾನು ನೀಲಪ್ಪ, ಆಕೆ ನೀಲವ್ವ, ನಮ್ಮಿಬ್ಬರದೂ ಒಂದೇ ಮನೆತನ ಎಂದು ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದ. ಅವನ ಎರಡೂ ಕಾಲು ಮರಗಟ್ಟಿದ್ದವು. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು ಎಂದು ಅವಳು ಅವನಿಗೆ ಮೆತ್ತನೆಯ ಚಪ್ಪಲಿ ಮಾಡಿಸಿಕೊಟ್ಟರೆ, ಈ ಪುಣ್ಯಾತ್ಮ ಆಸ್ಪತ್ರೆಗೆ ಬರುವಾಗ ಅವನ್ನು ಭಕ್ತಿಯಿಂದ ಗೇಟಿನ ಹೊರಗೆ ಬಿಟ್ಟು, ಕಾದ ಫರಸಿ ಕಲ್ಲಿನ ಮೇಲೆ ನಡೆದುಕೊಂಡು ಬಂದ. ಅವತ್ತು ನೀಲವ್ವ ಬೈದ ಬೈಗಳು ಹೆರಿಗೆ ವಾರ್ಡಿನ ತನಕ ಕೇಳಿಸಿತು. ನೀಲಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ, ಹೊರಗೆ ಬಂದು, ಹೆತ್ತ ಮಗಳೂ ನನಗೆ ಹೀಗೆ ಬೈದಿಲ್ಲ ನೋಡಿ ಎಂದು ಹೆಮ್ಮೆಪಟ್ಟ.

ಇಷ್ಟೆಲ್ಲ ಮಾಡುವವಳು ಆಸ್ಪತ್ರೆಯ ಲೆಕ್ಕದಲ್ಲಿ ಏನು? ಬರೀ ಸ್ಟಾಫ್ ನರ್ಸ್. ಕಾಲಿನ ಖೋಲಿ ಎಂಬ ವಿಭಾಗ ಇಲ್ಲ, ಅಂಥ ಹುದ್ದೆಯೂ ಇಲ್ಲ. ನಮ್ಮಲ್ಲಿ ನರ್ಸ್‌ಗಳೆಲ್ಲ ಸರದಿಯ ಮೇಲೆ ವಾರ್ಡ್ ಬದಲಾಯಿಸಬೇಕು, ಇದು ಮೊದಲಿನಿಂದ ಬಂದ ನಿಯಮ. ನಿಯಮ ಕೆಟ್ಟದ್ದಲ್ಲ, ಒಬ್ಬರಿಗೇ ರಾತ್ರಿ ಪಾಳಿ, ಒಬ್ಬರಿಗೇ ಹೆರಿಗೆ ವಾರ್ಡಿನ ಗದ್ದಲ ಆಗಬಾರದಲ್ಲ. ರಾಜೇಶ್ವರಿ ಡಾಕ್ಟರು ಪ್ರತಿ ಸಲವೂ ಹೇಗೋ ಹೊಂದಿಸಿ ನಿಲೋಫರ್‌ಳನ್ನು ಅಲ್ಲೇ ಉಳಿಸಿಕೊಳ್ಳುತ್ತಿದ್ದರು. ಉಳಿದ ಸಿಸ್ಟರ್‌ಗಳು ಗೊಣಗಿದರು. ಆಕೆಗೆ ಮಾತ್ರ ಯಾಕೆ ಯಾವಾಗಲೂ ಹಗಲು ಡ್ಯೂಟಿ ಎಂದರು, ಅದರಲ್ಲಿ ನ್ಯಾಯವೂ ಇತ್ತು. ಆಗ ಡಾಕ್ಟರು ಕಮಿಟಿಯ ಮುಂದೆ ಬಂದು, ಅವಳ ತರಬೇತಿಯನ್ನು ಮಾನ್ಯ ಮಾಡಿ ಒಂದು ವಿಶೇಷ ಹುದ್ದೆ ಮಾಡಿ, ಆಗ ಯಾರೂ ಅವಳನ್ನು ಕದಲಿಸುವಂತಿಲ್ಲ ಎಂದು ಕೇಳಿದರು. ಕತ್ತರಿಸುವುದು ನನ್ನ ಕೆಲಸ, ಕತ್ತರಿಸುವ ಹೊತ್ತು ಬಾರದಂತೆ ನೋಡಿಕೊಳ್ಳುವುದು ಆಕೆಯ ಕೆಲಸ, ಎರಡೂ ಬೇರೆ ಬೇರೆ ವಿದ್ಯೆ ಎಂದರು.

ನಮ್ಮ ಅಧ್ಯಕ್ಷರು ವೀರಪ್ಪನವರು. ಒಳ್ಳೆಯ ಮನುಷ್ಯ, ಒಬ್ಬರಿಗೂ ಇಲ್ಲ ಅಂದವರಲ್ಲ, ಆದ್ದರಿಂದಲೇ ಅವರಿಂದ ಏನನ್ನೂ ಮಾಡಿಸಿಕೊಳ್ಳುವುದು ಕಷ್ಟ. ನಾಳೆ ಇಂಜೆಕ್ಷನ್ ಕೊಡುವವಳೂ ತಜ್ಞೆ ಅನ್ನುತ್ತಾಳೆ, ನರ್ಸ್ ಅಂದಮೇಲೆ ಎಲ್ಲ ಕೆಲಸವೂ ಬರಬೇಕು, ಇಷ್ಟಕ್ಕೂ ಆ ಹುದ್ದೆಗೆ ಏನೆಂದು ಹೆಸರಿಡುವುದು ಎಂದು ಅವರ ಅನುಮಾನ. ನಾನು ಮೇಜು ಗುದ್ದಿ ನನ್ನ ಅಂಗಾಲಿನ ಕಥೆ ಹೇಳಿದೆ. ಎಲ್ಲರೂ ಕೇಳಿ ಮರುಗಿದರು. ಕೊನೆಗೆ ವೀರಪ್ಪನವರಿಗೆ ಒಂದು ದಾರಿ ಹೊಳೆಯಿತು. ನಮ್ಮ ಕಡೆ ಯಾರಿಗೆ ಏನು ಕೊಡಬೇಕೆಂದು ತಿಳಿಯದಿದ್ದಾಗ ಕೊಡುವುದು ಒಂದೇ, ಸನ್ಮಾನ.

ದಾದಿಯರ ದಿನದಂದು ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿದರು. ನಿಲೋಫರ್‌ಳನ್ನು ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ತ್ಯಾಗಮಯಿ, ಸೇವಾಮೂರ್ತಿ ಎಂದೆಲ್ಲ ಭಾಷಣವಾಯಿತು. ಮುಂದಿನ ಸಾಲಿನಲ್ಲಿ ಬಡೇಸಾಬ ಹೊಸ ಟೋಪಿ ಹಾಕಿಕೊಂಡು ಕೂತಿದ್ದ. ಮರುವಾರದಿಂದ ಅವಳಿಗೆ ಹೆಣ್ಣುಮಕ್ಕಳ ವಾರ್ಡು ಎಂದು ಹಿಂದಿನ ದಿನವೇ ಆದೇಶ ಹೊರಟದ್ದು ಅವನಿಗೆ ಗೊತ್ತಿರಲಿಲ್ಲ. ಎರಡು ಮಾತು ಆಡಬೇಕೆಂದು ಮೈಕು ಕೊಟ್ಟಾಗ ಅವಳು ಎದ್ದು, ಶಾಲನ್ನು ಮಡಚಿ ಮೇಜಿನ ಮೇಲಿಟ್ಟಳು.

"ನನಗ ಸನ್ಮಾನ ಬ್ಯಾಡ್ರಿ. ನಾ ತ್ಯಾಗ ಏನೂ ಮಾಡಿಲ್ಲ, ಕೆಲಸ ಕಲಿತೇನಿ. ಆ ಕೆಲಸಾ ಮಾಡಾಕ ಖೋಲಿ ಬಿಡ್ರಿ, ಸಾಕು."

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ವೀರಪ್ಪನವರು ಮುಗುಳ್ನಕ್ಕು, ನೋಡೂಣು ಅಂದರು. ನಮ್ಮ ಕಡೆಯವರು ನೋಡೂಣು ಅಂದರೆ ಅದರ ಅರ್ಥ ಏನೆಂದು ನಮ್ಮ ಕಡೆಯವರಿಗೆ ಗೊತ್ತು.

ನಿಲೋಫರ್ ವಾರ್ಡಿಗೆ ಹೋದಳು. ಮುಖ ಗಂಟು ಹಾಕಲಿಲ್ಲ, ಅಲ್ಲಿಯೂ ಚೊಕ್ಕವಾಗಿ ಕೆಲಸ ಮಾಡಿದಳು. ಕಾಲಿನ ಖೋಲಿಗೆ ಬಂದವಳು ಶಿವಾನಿ, ನರ್ಸಿಂಗ್ ಮುಗಿಸಿ ಹೆಚ್ಚು ದಿನವಾಗಿರದ ಹುಡುಗಿ. ಹುಷಾರು, ಕೈ ಮೃದು. ಬೆಳಿಗ್ಗೆ ಇಂಜೆಕ್ಷನ್ ಖೋಲಿಯನ್ನೂ ಅವಳೇ ನೋಡಬೇಕಿತ್ತು. ನಿಲೋಫರ್ ಗಡಿಬಿಡಿಯಲ್ಲಿ ಒಂದಿಷ್ಟು ತೋರಿಸಿ ಕೊಟ್ಟಿದ್ದಳು, ಎಷ್ಟು ತೋರಿಸಲಾದೀತು?

ನೀಲಪ್ಪ ತನ್ನ ಸರದಿಗೆ ಬಂದ. ಶಿವಾನಿ ಅವನ ಕಾಲು ತೊಳೆದಳು, ಉಗುರು ತೆಗೆದಳು, ಕಣ್ಣು ಮುಚ್ಚಿಸಿ ದಾರ ಒತ್ತುತ್ತ ಕೇಳುತ್ತ ಹೋದಳು. ಹೊಸ ಹುಡುಗಿ, ಎಷ್ಟು ನಯವಾಗಿ ಕೇಳುತ್ತಿದ್ದಾಳೆ, ಹೆದರಿದ ಹಾಗೂ ಇದ್ದಾಳೆ. ನೀಲಪ್ಪ ಅವಳ ಮನಸ್ಸು ನೋಯಿಸಲಿಲ್ಲ. ಎಲ್ಲದಕ್ಕೂ ಹೂಂ ಅಂದ. ಮೊದಲಿಗಿಂತ ಸುಧಾರಿಸಿದೆ ಎಂದು ಹುಡುಗಿ ಖುಷಿಪಟ್ಟಳು, ಇನ್ನು ಅಷ್ಟು ಬೇಗ ಬರಬೇಕಾಗಿಲ್ಲ ಎಂದಳು. ಅವನೂ ಖುಷಿಯಿಂದ ಊರಿಗೆ ಹೋದ. ಅವನ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಸೀಳು ಆಗಲೇ ಒಳಗೆ ಬಲಿಯುತ್ತಿತ್ತು.

ಮತ್ತೆ ಬಂದಾಗ ಅವನನ್ನು ಮಗ ಹೊತ್ತುಕೊಂಡು ಬಂದಿದ್ದ. ಜ್ವರ ಸುಡುತ್ತಿತ್ತು, ಪಾದ ಕಪ್ಪಾಗಿತ್ತು. ರಾಜೇಶ್ವರಿ ಡಾಕ್ಟರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸದೆ ಜೀವ ಉಳಿಯುವಂತಿರಲಿಲ್ಲ.

ನಾನು ನೋಡಲು ಹೋದಾಗ ನಿಲೋಫರ್ ಅವನ ಮಂಚದ ಬಳಿ ಕೂತಿದ್ದಳು. ಅವನಿಗೆ ನಿದ್ದೆ ಹತ್ತಿತ್ತು. ಬಾಗಿಲ ಹತ್ತಿರ ಶಿವಾನಿ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದಳು. ಅಜ್ಜ ಎಲ್ಲದಕ್ಕೂ ಹೂಂ ಅಂದನಕ್ಕಾ, ಒಂದಕ್ಕಾದರೂ ಇಲ್ಲ ಅನ್ನಲಿಲ್ಲ ಎಂದು ಅದನ್ನೇ ಹೇಳುತ್ತಿದ್ದಳು. ನಿಲೋಫರ್ ಎದ್ದು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಅಂವ ಹೂಂ ಅಂದ, ನೀ ನಂಬಿದಿ. ನಂಬಬಾರದು ಅಂತ ನಿನಗ ಕಲಿಸಾಕ ನಾ ಅಲ್ಲಿ ಇರಬೇಕಾಗಿತ್ತು, ತಂಗಿ. ನಿನ್ನ ತಪ್ಪಲ್ಲ."

ಅವಳು ಸಿಟ್ಟಾಗಿದ್ದರೆ, ನಮ್ಮ ಮೇಲೆ ಕೂಗಾಡಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ. ಸೀದಾ ವೀರಪ್ಪನವರ ಮನೆಗೆ ಹೋಗಿ ಮೀಟಿಂಗ್ ಕರೆಯುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಮೀಟಿಂಗಿಗೆ ಕರೆಯದೆ ಬಂದವಳು ಶಿವಾನಿ. ಡಾಕ್ಟರರ ಹಿಂದೆ ನಿಂತಿದ್ದವಳು ಮುಂದೆ ಬಂದು ಮಾತಾಡಿದಳು. ನಾನೂ ನರ್ಸ್, ನನ್ನ ಕೆಲಸ ನನಗೆ ಬರುತ್ತದೆ, ಆದರೆ ಇದು ಬೇರೆಯೇ ಕೆಲಸ, ಯಾರನ್ನಾದರೂ ಆ ಮಣೆಯ ಮೇಲೆ ಕೂರಿಸಿದರೆ ನಡೆಯುತ್ತದೆ ಎಂದು ನೀವು ಅಂದುಕೊಂಡಿರಿ, ನಾನೂ ಹಾಗೇ ಅಂದುಕೊಂಡು ಕೂತೆ ಎಂದಳು. ನಿಲೋಫರ್ ಅಕ್ಕನನ್ನು ವಾಪಸ್ಸು ಕಳಿಸಿ, ನನ್ನನ್ನು ಆಕೆಯ ಕೈಕೆಳಗೆ ಹಾಕಿ, ಕಲಿಯುತ್ತೇನೆ ಎಂದಳು. ಹಗಲು ಡ್ಯೂಟಿಯ ಬಗ್ಗೆ ಗೊಣಗಿದ್ದ ಹಿರಿಯ ಸಿಸ್ಟರ್‌ಗಳೂ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು, ಒಬ್ಬರೂ ಎದುರಾಡಲಿಲ್ಲ.

ವೀರಪ್ಪನವರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ತಾವೇ ಪೆನ್ನು ತೆಗೆದುಕೊಂಡರು. ಹೆಸರು ಇಂಗ್ಲಿಷಿನಲ್ಲಿ ಬೇಡ, ಹಳ್ಳಿಯವರು ಓದಿದರೆ ತಿಳಿಯಬೇಕು ಎಂದು ಹಟ ಹಿಡಿದು, ಪಾದ ಆರೈಕೆ ತಜ್ಞ ಶುಶ್ರೂಷಕಿ ಎಂದು ಬರೆದರು. ಸರದಿಯಿಂದ ಅವಳನ್ನು ಕೈಬಿಟ್ಟರು, ಶಿವಾನಿಯನ್ನು ಅವಳ ಜೊತೆಗೆ ಹಾಕಿದರು. ಇದು ನಮ್ಮ ಆಸ್ಪತ್ರೆಯ ಗೇಟಿನ ಒಳಗಿನ ಮಾತು ಅಷ್ಟೇ. ಗೇಟು ದಾಟಿದರೆ ಆ ಹೆಸರನ್ನು ಯಾರೂ ಕೇಳುವುದಿಲ್ಲ. ನಾಳೆ ಅವಳು ಬೇರೆ ಆಸ್ಪತ್ರೆಗೆ ಹೋದರೆ ಮತ್ತೆ ಬರೀ ಸ್ಟಾಫ್ ನರ್ಸೇ. ಅದು ನನಗೆ ಇನ್ನೂ ಸಿಟ್ಟು ತರಿಸುವ ಸಂಗತಿ.

ಆದೇಶ ಕೈಗೆ ಕೊಟ್ಟಾಗ ನಿಲೋಫರ್ ಥ್ಯಾಂಕ್ಸ್ ಅಂದಳು, ಓದಿ ಮಡಚಿ ಇಟ್ಟಳು. ಮುಖದಲ್ಲಿ ಗೆಲುವು ಇರಲಿಲ್ಲ. ಊರವರು ಪೇಢೆ ತಂದರೆ ಶಿವಾನಿಗೆ ಕೊಡಿ ಅಂದಳು. ನೀಲಪ್ಪ ಆಸ್ಪತ್ರೆಯಿಂದ ಮನೆಗೆ ಹೋಗಿದ್ದ, ಗಾಯ ಮಾಯುತ್ತಿತ್ತು. ಇನ್ನು ಅವನು ಈ ಖೋಲಿಗೆ ಬರುವುದಿಲ್ಲ, ಯಾವ ಮುಖದಿಂದ ಬಾ ಅನ್ನಲಿ ಎಂದು ಅವಳು ನನ್ನ ಎದುರಿಗೇ ಒಮ್ಮೆ ಅಂದಿದ್ದಳು. ಅವನ ಎಡಗಾಲು ಇನ್ನೂ ಇತ್ತಲ್ಲ, ಅದೇ ಅವಳಿಗೆ ಹಗಲೂ ರಾತ್ರಿ ಚಿಂತೆ.

ಅವನು ಬಂದ. ನಾನು ನನ್ನ ಸರದಿಗೆ ಕಾಯುತ್ತ ಖೋಲಿಯ ಒಳಗೇ ಕೂತಿದ್ದೆ. ಎರಡೂ ಬಗಲಿಗೆ ಊರುಗೋಲು ಕೊಟ್ಟುಕೊಂಡು, ಮಗನ ಕೈ ಬಿಡಿಸಿಕೊಂಡು, ತಾನೇ ಜೋಲುತ್ತ ಒಳಗೆ ಬಂದು ಎತ್ತರದ ಕುರ್ಚಿಯಲ್ಲಿ ಕೂತ. ಶಿವಾನಿ ಗೋಡೆಗೆ ಒತ್ತಿಕೊಂಡು ನಿಂತಳು. ಅವನು ಅವಳನ್ನು ನೋಡಿ, ಆರಾಮ ಇದ್ದೀ ಏನವ್ವಾ ಎಂದು ಕೇಳಿದ. ನಿಲೋಫರ್ ಮಣೆಯ ಮೇಲೆ ತಲೆ ತಗ್ಗಿಸಿ ಕೂತೇ ಇದ್ದಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಕೈ ಚಾಚಲೂ ಇಲ್ಲ. ನೀಲಪ್ಪ ಎರಡೂ ಕೈಯಲ್ಲಿ ತನ್ನ ಎಡಗಾಲನ್ನು ಎತ್ತಿ, ಮೆಲ್ಲಗೆ ಅವಳ ತೊಡೆಯ ಮೇಲೆ ಇಟ್ಟ.

"ಆ ಕಾಲು ನನ್ನ ಹೆಸರಿಗೆ ಇತ್ತವ್ವಾ, ಅದನ್ನ ಸಂಭಾಳಿಸಾಕ ನನಗ ಆಗಲಿಲ್ಲ," ಅಂದ. "ಇದನ್ನ ನಿನ್ನ ಹೆಸರಿಗೆ ಹಚ್ಚೇನಿ. ಇನ್ನ ಇದು ನಿಂದು. ನಾ ಬರೇ ಲಾವಣಿಲೆ ಮಾಡಾಂವ."

ನಿಲೋಫರ್ ಆ ಕಾಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಅದರ ಮೇಲೆ ಹಣೆ ಇಟ್ಟು ಅತ್ತಳು.